ಮೊದಲ ಹತ್ತು ನಿಮಿಷ: ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ನಾವು ತರಬೇತಿ ಕೊಡುವ ಬಗೆ

ಆಶಾ ಕಾರ್ಯಕರ್ತೆಯ ಕೆಲಸವೆಂದರೆ ಕೇಳುವುದು, ಬರೆದುಕೊಳ್ಳುವುದು. ಕೊನೆಯ ಮುಟ್ಟು ಯಾವಾಗ, ಎಷ್ಟನೇ ಹೆರಿಗೆ, ಯಾವ ಲಸಿಕೆ ಬಾಕಿ, ಮನೆಯಲ್ಲಿ ಯಾರಿಗೆ ಕೆಮ್ಮು. ವರ್ಷಗಟ್ಟಲೆ ರೂಢಿಯಾದ ಈ ಅಭ್ಯಾಸವೇ, ಹೆಣ್ಣುಮಗಳೊಬ್ಬಳು ಬಾಗಿಲ ಮರೆಯಲ್ಲಿ ನಿಂತು "ಅಕ್ಕಾ, ಅವನು ಸರಿ ಇಲ್ಲ" ಅಂದಾಗ ಅಡ್ಡ ಬರುತ್ತದೆ. ಯಾರು? ಎಷ್ಟು ಹೊತ್ತಿಗೆ? ನೀನ್ಯಾಕೆ ಅಲ್ಲಿಗೆ ಹೋದೆ? ಮೊದಲೇ ಯಾಕೆ ಹೇಳಲಿಲ್ಲ? ಮೂರನೇ ಪ್ರಶ್ನೆಗೆ ಅವಳು "ಏನಿಲ್ಲ ಬಿಡಿ" ಎಂದು ಒಳಗೆ ಹೋಗಿಬಿಡುತ್ತಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ಮುಕ್ಕಾಲು ಪಾಲು ಮಂದಿ ಯಾರಿಗೂ ಹೇಳುವುದೇ ಇಲ್ಲ. ಉಳಿದವರಲ್ಲೊಬ್ಬಳು ತನ್ನ ಮೇಲಾದ ಲೈಂಗಿಕ ಹಿಂಸೆಯ ಬಗ್ಗೆ ಬಾಯಿಬಿಟ್ಟಾಗ ಎದುರಿಗಿರುವವರು ಏನು ಮಾಡಬೇಕು ಎಂಬಷ್ಟಕ್ಕೇ ನಮ್ಮ ಎರಡು ದಿನದ ತರಬೇತಿ ಸೀಮಿತ. ಆಪ್ತಸಮಾಲೋಚಕಿಯರನ್ನು ತಯಾರು ಮಾಡುವ ಆಸೆ ಇಟ್ಟುಕೊಂಡರೆ ಎರಡು ದಿನ ಸಾಲದು, ಹತ್ತು ದಿನವೂ ಸಾಲದು.

ಊರಿನ ಕಾರ್ಯಕರ್ತೆಯರಿಗಿಂತ ಮೊದಲು ಆಸ್ಪತ್ರೆಯವರಿಗೆ ತರಬೇತಿ ಆಗಿರಬೇಕು. ಈ ಕ್ರಮ ತಲೆಕೆಳಗಾದರೆ ಎಲ್ಲ ಕೆಡುತ್ತದೆ. ಆಶಾ ಅಕ್ಕ ಹೇಗೋ ಧೈರ್ಯ ತುಂಬಿ ಕರೆದುಕೊಂಡು ಹೋಗುತ್ತಾಳೆ. ಕೌಂಟರಿನಲ್ಲಿ "ಎಫ್‌ಐಆರ್ ತನ್ನಿ, ಆಮೇಲೆ ನೋಡೋಣ" ಅನ್ನುತ್ತಾರೆ. ಆ ಊರಿನಲ್ಲಿ ಮತ್ತೊಬ್ಬಳು ಬಾಯಿಬಿಡುವುದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಸೆಕ್ಷನ್ ಪ್ರಕಾರ ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿಯಾಗಲಿ, ಅತ್ಯಾಚಾರಕ್ಕೆ ಒಳಗಾದವರಿಗೆ ತಕ್ಷಣ, ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಕೊಡದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 200ನೇ ಸೆಕ್ಷನ್ ಅಡಿ ಒಂದು ವರ್ಷದವರೆಗೆ ಜೈಲು. ಇದನ್ನು ವೈದ್ಯಾಧಿಕಾರಿ, ಸ್ಟಾಫ್ ನರ್ಸ್, ಕೌಂಟರಿನವರು ಮೂವರಿಗೂ ಅರ್ಧ ದಿನ ಕೂರಿಸಿ ಹೇಳಿದ ಮೇಲೆಯೇ ಆಶಾ ತಂಡಕ್ಕೆ ದಿನ ಗೊತ್ತುಮಾಡುತ್ತೇವೆ. ಯೋನಿಯೊಳಗೆ ಬೆರಳಿಟ್ಟು ನೋಡುವ "ಎರಡು ಬೆರಳಿನ ಪರೀಕ್ಷೆ" ಮಾಡಕೂಡದೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿ, 2022ರಲ್ಲಿ ಮತ್ತೆ ಹೇಳಿದೆ. ಅದನ್ನೂ ಅಲ್ಲೇ ಹೇಳಿ ಮುಗಿಸುತ್ತೇವೆ.

ಒಂದು ತಂಡಕ್ಕೆ 24 ಜನ, ನಡೆಸುವವರು ಇಬ್ಬರು. ಮೂವರ ಗುಂಪಿಗೆ 24 ಸರಿಯಾಗಿ ಭಾಗವಾಗುತ್ತದೆ, ಎಂಟು ಗುಂಪುಗಳ ಮೇಲೆ ಇಬ್ಬರು ಕಣ್ಣಿಡಬಹುದು. ಲಸಿಕೆಯ ದಿನವಾದ ಗುರುವಾರ ಬೇಡ. ಬೆಳಿಗ್ಗೆ ಹತ್ತೂವರೆಗೆ ಶುರು, ನಾಲ್ಕಕ್ಕೆ ಮುಕ್ತಾಯ. ಕೊನೆಯ ಬಸ್ಸಿನ ಚಿಂತೆ ಹತ್ತಿದವರ ಕಿವಿಗೆ ಏನೂ ಬೀಳುವುದಿಲ್ಲ. ಮೇಲ್ವಿಚಾರಕಿಯರನ್ನು ಅದೇ ಕೋಣೆಯಲ್ಲಿ ಕೂರಿಸುವುದಿಲ್ಲ. ಅವರಿದ್ದರೆ ಎಲ್ಲರೂ ಸರಿಯುತ್ತರವನ್ನೇ ಕೊಡುತ್ತಾರೆ, ಒಬ್ಬರೂ ತಾವು ನಿಜವಾಗಿ ಆಡುವ ಮಾತು ಆಡುವುದಿಲ್ಲ.

ಮೊದಲ ಹತ್ತು ನಿಮಿಷದಲ್ಲೇ ಒಂದು ವಿಷಯ ಸ್ಪಷ್ಟಪಡಿಸುತ್ತೇವೆ. ಈ ಕೋಣೆಯಲ್ಲಿರುವವರಲ್ಲೂ ಇದನ್ನು ಅನುಭವಿಸಿದವರು ಇರುತ್ತಾರೆ. ಯಾರೂ ತಮ್ಮ ಕಥೆ ಹೇಳಬೇಕಿಲ್ಲ, ಯಾವಾಗ ಬೇಕಾದರೂ ಎದ್ದು ಹೊರಗೆ ಹೋಗಬಹುದು, ಕಾರಣ ಕೇಳುವುದಿಲ್ಲ. ನಡೆಸುವ ಇಬ್ಬರಲ್ಲಿ ಒಬ್ಬರು ಬಾಗಿಲ ಹತ್ತಿರವೇ ಕೂರುತ್ತಾರೆ, ಎದ್ದು ಹೋದವರ ಹಿಂದೆ ಹೋಗುವುದು ಅವರ ಕೆಲಸ. "ನಿಮ್ಮ ಅನುಭವ ಹಂಚಿಕೊಳ್ಳಿ" ಎಂದು ಶುರುಮಾಡುವ ತರಬೇತಿಗಳಿವೆ. ಅದು ಅಪಾಯ. ಒಬ್ಬರು ಹೇಳಿಬಿಟ್ಟರೆ ಅವರನ್ನು ಸಂಭಾಳಿಸಲು ಅಲ್ಲಿ ಸಮಯವೂ ಇಲ್ಲ, ಮರೆಯೂ ಇಲ್ಲ. ಸಂಜೆಯೊಳಗೆ ಅದು ತಾಲ್ಲೂಕಿಗೆಲ್ಲ ಗೊತ್ತಾಗಿರುತ್ತದೆ.

ವಕೀಲರನ್ನು ಕರೆಸಿ ಸೆಕ್ಷನ್‌ಗಳಿಂದ ಆರಂಭಿಸುವ ಪದ್ಧತಿಯನ್ನೂ ಬಿಟ್ಟಿದ್ದೇವೆ. ಕೇಳಿದವರಿಗೆ ಉಳಿಯುವುದು ಭಯ ಒಂದೇ, "ನಮಗ್ಯಾಕಪ್ಪ ಕೋರ್ಟು ಕಚೇರಿ" ಅನ್ನುವುದು. ನಾವು ಆರಂಭಿಸುವುದು ಅವರದೇ ಮಾತುಗಳಿಂದ. ಇಂಥ ಹೊತ್ತಿನಲ್ಲಿ ನಮ್ಮ ಊರಿನಲ್ಲಿ ಏನನ್ನುತ್ತಾರೆ ಎಂದು ಕೇಳಿ, ಚೀಟಿಯಲ್ಲಿ ಬರೆಸಿ ಗೋಡೆಗೆ ಅಂಟಿಸುತ್ತೇವೆ. ಅಳಬೇಡ. ಆಗಿದ್ದು ಆಗಿಹೋಯಿತು. ಹಣೆಬರಹ. ಮನೆ ಮರ್ಯಾದೆ ನೋಡು. ಮದುವೆ ಆಗಬೇಕಾದ ಹುಡುಗಿ. ನಾನಾಗಿದ್ದರೆ ಚಪ್ಪಲಿ ತಗೊಂಡು ಹೊಡೀತಿದ್ದೆ. ಕೊನೆಯದು ಧೈರ್ಯದ ಮಾತಿನಂತೆ ಕಾಣುತ್ತದೆ; ಕೇಳಿದವಳಿಗೆ ಮಾತ್ರ "ನೀನು ಹೊಡೆಯಲಿಲ್ಲವಲ್ಲ" ಎಂದೇ ಕೇಳಿಸುತ್ತದೆ. ಭಯದಲ್ಲಿ ಕೈಕಾಲು ಆಡದೆ ಮರಗಟ್ಟುವುದು ಮೈಯ ಸಹಜ ಪ್ರತಿಕ್ರಿಯೆ ಎಂಬುದನ್ನು ಇಲ್ಲಿ ವಿವರಿಸಲು ಕಾಲು ಗಂಟೆ ಕೊಡುತ್ತೇವೆ.

ಆಮೇಲೆ ಬದಲಿ ಮಾತುಗಳು. ವಿಶ್ವ ಆರೋಗ್ಯ ಸಂಸ್ಥೆ 2014ರ ಕೈಪಿಡಿಯಲ್ಲಿ ಐದು ಹೆಜ್ಜೆ ಹೇಳಿದೆ: ಕೇಳಿಸಿಕೊಳ್ಳುವುದು, ಏನು ಬೇಕೆಂದು ವಿಚಾರಿಸುವುದು, ನಂಬಿದ್ದೇನೆಂದು ತೋರಿಸುವುದು, ಅಪಾಯವಿದ್ದರೆ ರಕ್ಷಣೆಯ ದಾರಿ ಯೋಚಿಸುವುದು, ಮುಂದಿನ ನೆರವಿಗೆ ಸೇರಿಸುವುದು. ಇದನ್ನು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದರೆ ಪ್ರಯೋಜನವಿಲ್ಲ. ಮೂರೇ ವಾಕ್ಯ ನಾಲಿಗೆಗೆ ಹತ್ತುವವರೆಗೆ ಹೇಳಿಸುತ್ತೇವೆ: "ನೀನು ಹೇಳಿದ್ದು ಒಳ್ಳೇದಾಯ್ತು." "ಇದರಲ್ಲಿ ನಿನ್ನ ತಪ್ಪಿಲ್ಲ." "ಈಗ ನಿನಗೆ ಏನಾಗಬೇಕು?" ಉತ್ತರ ಕರ್ನಾಟಕದವರು ತಮ್ಮ ಧಾಟಿಯಲ್ಲಿ, ಕರಾವಳಿಯವರು ತುಳುವಿನಲ್ಲಿ, ಉರ್ದು ಮಾತಾಡುವವರು ಉರ್ದುವಿನಲ್ಲಿ ತಾವೇ ಬರೆದುಕೊಳ್ಳಬೇಕು. ಪುಸ್ತಕದ ಭಾಷೆಯಲ್ಲಿ ಹೇಳಿದ ಸಮಾಧಾನ ಇಲಾಖೆಯ ಸುತ್ತೋಲೆಯಂತೆ ಕೇಳಿಸುತ್ತದೆ. ಅವಳು ಬಳಸಿದ ಪದವನ್ನೇ ನಾವೂ ಬಳಸಬೇಕು. "ಕೈ ಹಾಕಿದ", "ಬಲವಂತ ಮಾಡಿದ" ಅಂದರೆ ಅಷ್ಟೇ ಸಾಕು, "ಅಂದರೆ ಅತ್ಯಾಚಾರವಾ?" ಎಂದು ಹೆಸರಿಡಲು ಹೋಗಬಾರದು. "ಮಾನ ಹೋಯಿತು", "ಕೆಟ್ಟುಹೋದಳು" ಎಂಬ ಮಾತು ಮಾತ್ರ ಅವಳ ಬಾಯಿಂದ ಬಂದರೂ ನಮ್ಮ ಬಾಯಲ್ಲಿ ಬರಕೂಡದು.

ತರಬೇತಿಯ ಅರ್ಧ ಹೊತ್ತು ಹೋಗುವುದು ಮೂವರ ಅಭ್ಯಾಸಕ್ಕೆ. ಒಬ್ಬರು ಹೇಳುವವರು, ಒಬ್ಬರು ಕೇಳುವವರು, ಒಬ್ಬರು ನೋಡುವವರು. ಹೇಳುವವರ ಚೀಟಿಯಲ್ಲಿ ಎರಡೇ ಸಾಲು ಇರುತ್ತದೆ, ಘಟನೆಯ ವಿವರ ಇರುವುದಿಲ್ಲ. "ಬಿಳಿಸೆರಗು ಅಂತ ಮೂರನೇ ಸಲ ಬಂದಿದ್ದೀರಿ. ಗಂಡನ ಮಾತು ಬಂದಾಗ ಸುಮ್ಮನಾಗುತ್ತೀರಿ." ಹೀಗೆ. ಬಿಳಿಸೆರಗು, ಸೊಂಟನೋವು, ನಿದ್ದೆ ಬರೋದಿಲ್ಲ ಎಂಬ ದೂರುಗಳ ಹಿಂದೆ ಕೆಲವೊಮ್ಮೆ ಈ ವಿಷಯ ಅಡಗಿರುತ್ತದೆ, ಹಾಗಾಗಿ ಆ ಬಾಗಿಲುಗಳ ಪರಿಚಯವೂ ಆಗುತ್ತದೆ. ಒಂದು ಸುತ್ತು ನಾಲ್ಕು ನಿಮಿಷ, ಅದಕ್ಕಿಂತ ಹೆಚ್ಚಾದರೆ ನಾಟಕ ಶುರುವಾಗುತ್ತದೆ. ನೋಡುವವರ ಹಾಳೆಯಲ್ಲಿ ಮೂರು ಲೆಕ್ಕ: ಎಷ್ಟು ಪ್ರಶ್ನೆ ಕೇಳಿದರು, "ಯಾಕೆ" ಎಂಬ ಪದ ಎಷ್ಟು ಸಲ ಬಂತು, ಅತಿ ಉದ್ದದ ಮೌನ ಎಷ್ಟು ಸೆಕೆಂಡಿನದು. ತಮ್ಮ ಹಾಳೆಯನ್ನು ತಾವೇ ಓದಿದಾಗ ಆಗುವ ಪಾಠ ನಮ್ಮ ಯಾವ ಭಾಷಣದಿಂದಲೂ ಆಗುವುದಿಲ್ಲ. ಸುತ್ತು ಮುಗಿದ ಮೇಲೆ ಹೇಳುವವರು ಕುರ್ಚಿ ಬದಲಿಸಿ, ತಮ್ಮ ಹೆಸರು, ತಮ್ಮ ಊರು ಗಟ್ಟಿಯಾಗಿ ಹೇಳಬೇಕು. ಬಾಲಿಶ ಅನಿಸಬಹುದು, ಇದನ್ನು ಬಿಟ್ಟರೆ ಪಾತ್ರದ ಭಾರ ಹೊತ್ತುಕೊಂಡೇ ಮನೆಗೆ ಹೋಗುತ್ತಾರೆ.

ಎರಡನೇ ಸುತ್ತಿನಲ್ಲಿ ಮೂರೇ ಪ್ರಶ್ನೆಗೆ ಅನುಮತಿ. ಈಗ ಮನೆಗೆ ಹೋದರೆ ಅಪಾಯ ಇದೆಯಾ? ಎಲ್ಲಾದರೂ ನೋವು, ರಕ್ತ ಹೋಗೋದು ಇದೆಯಾ? ಇದು ಯಾವತ್ತು ಆಗಿದ್ದು? ಮೂರನೆಯದು ಯಾಕೆ ಬೇಕೆಂದರೆ ಗಡಿಯಾರ ಓಡುತ್ತಿರುತ್ತದೆ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. ಗರ್ಭ ತಡೆಯುವ ತುರ್ತು ಮಾತ್ರೆ, 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್, 72 ಗಂಟೆಯೊಳಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಐದು ದಿನದವರೆಗೂ ಕೊಡಬಹುದು, ಫಲ ಕಡಿಮೆಯಾಗುತ್ತಾ ಹೋಗುತ್ತದೆ. ಮೈಮೇಲಿನ ಸಾಕ್ಷ್ಯದ ಮಾದರಿಗಳನ್ನು ತೆಗೆಯಲು ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಇಟ್ಟ ಮಿತಿ 96 ಗಂಟೆ. ಈ ಮೂರು ಅಂಕಿಗಳನ್ನು ಒಂದು ಹಗ್ಗಕ್ಕೆ ಗಂಟು ಕಟ್ಟಿ ನೆಲದ ಮೇಲೆ ಹಾಸುತ್ತೇವೆ, ಪ್ರತಿಯೊಬ್ಬರೂ ಅದರ ಮೇಲೆ ನಡೆದು ಎಲ್ಲಿ ಏನು ತಪ್ಪಿಹೋಗುತ್ತದೆ ಎಂದು ಹೇಳಬೇಕು. ಗಂಟುಗಳೆಲ್ಲ ದಾಟಿಹೋಗಿದ್ದರೂ ಆಸ್ಪತ್ರೆಯ ಬಾಗಿಲು ಮುಚ್ಚಿಲ್ಲ ಎಂಬುದನ್ನು ಹಗ್ಗದ ತುದಿಯಲ್ಲಿ ನಿಲ್ಲಿಸಿ ಹೇಳುತ್ತೇವೆ. ಬಸಿರು ನಿಂತಿದ್ದರೆ, ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ನಂತರ ಇಂಥವರಿಗೆ 24 ವಾರದವರೆಗೆ ಗರ್ಭಪಾತಕ್ಕೆ ಅವಕಾಶವಿದೆ.

ಇಲ್ಲಿ ಕಲಿತವರೇ ಮಾಡುವ ಒಂದು ತಪ್ಪಿದೆ. ಸ್ನಾನ ಮಾಡಬಾರದು, ಬಟ್ಟೆ ಒಗೆಯಬಾರದು ಎಂದು ಕಲಿತು ಹೋದವರು, ಆಗಲೇ ಸ್ನಾನ ಮಾಡಿ ಬಂದವಳನ್ನು "ಅಯ್ಯೋ, ಎಲ್ಲಾ ತೊಳೆದುಬಿಟ್ಟೆಯಾ" ಎಂದು ಗದರುತ್ತಾರೆ. ಆದ್ದರಿಂದ ಅಭ್ಯಾಸದ ಚೀಟಿಗಳಲ್ಲೇ ಸ್ನಾನ ಆಗಿರುತ್ತದೆ. ಹೇಳಬೇಕಾದ ಮಾತು, "ಪರವಾಗಿಲ್ಲ, ಆದರೂ ಹೋಗೋಣ." ಬಟ್ಟೆ ಇದ್ದರೆ ಅವಳೇ ಕಾಗದದ ಕವರಿನಲ್ಲಿ ಹಾಕಿಕೊಳ್ಳಲಿ, ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ತೇವ ಹಿಡಿದು ಬೂಷ್ಟು ಬರುತ್ತದೆ. ಕಾರ್ಯಕರ್ತೆ ಆ ಕವರನ್ನು ತನ್ನ ಮನೆಯಲ್ಲಿ ಇಟ್ಟುಕೊಳ್ಳಬಾರದು.

"ಯಾರಿಗೂ ಹೇಳಲ್ಲ, ಆಣೆ" ಎಂಬ ಮಾತನ್ನು ಬಾಯಿಂದ ಬಿಡಿಸುವುದು ಮೂರು ವಾಕ್ಯ ಕಲಿಸುವುದಕ್ಕಿಂತ ಕಷ್ಟ. 18 ತುಂಬದವರ ವಿಷಯವಾದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಆರು ತಿಂಗಳವರೆಗೆ ಶಿಕ್ಷೆ. ಹಾಗಾಗಿ ಆಣೆಯ ಜಾಗದಲ್ಲಿ ಇದನ್ನು ಕೂರಿಸುತ್ತೇವೆ: "ಊರಲ್ಲಿ ಒಬ್ಬರಿಗೂ ನಾನು ಹೇಳಲ್ಲ. ಆದರೆ ನೀನಿನ್ನೂ ಚಿಕ್ಕವಳು, ನಿನ್ನನ್ನು ಕಾಪಾಡೋಕೆ ಕೆಲವರಿಗೆ ತಿಳಿಸಬೇಕು. ಯಾರಿಗೆ, ಹೇಗೆ ಅಂತ ನಿನಗೆ ಹೇಳಿಯೇ ಮಾಡ್ತೀನಿ." ಹುಡುಗಿ ಪೂರ್ತಿ ಹೇಳಿ ಮುಗಿಸುವ ಮೊದಲೇ ಇದನ್ನು ಹೇಳಬೇಕು. ಆಮೇಲೆ ಹೇಳಿದರೆ ಮೋಸವಾದಂತೆ. ಪ್ರಾಯಕ್ಕೆ ಬಂದ ಹೆಂಗಸಿನ ವಿಷಯ ಬೇರೆ: ದೂರು ಕೊಡುವುದು ಬಿಡುವುದು ಅವಳಿಗೆ ಬಿಟ್ಟದ್ದು. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕೊಡುತ್ತಾರೆ ಎಂಬುದನ್ನು ಹೊರಡುವ ಮೊದಲೇ ತಿಳಿಸಬೇಕು, ಅವಳು ಹೇಳಿಕೆ ಕೊಡಲು ಒಪ್ಪದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ ಎಂಬುದನ್ನೂ.

ಗಂಡನೇ ಬಲವಂತ ಮಾಡುವ ಪ್ರಕರಣಗಳು ಚರ್ಚೆಯಲ್ಲಿ ತಪ್ಪದೆ ಬರುತ್ತವೆ. ಹೆಂಡತಿ 18 ದಾಟಿದವಳಾದರೆ ನ್ಯಾಯ ಸಂಹಿತೆ ಅದನ್ನು ಅತ್ಯಾಚಾರವೆಂದು ಪರಿಗಣಿಸುವುದಿಲ್ಲ, ಇದನ್ನು ಮುಚ್ಚಿಡದೆ ಹೇಳುತ್ತೇವೆ. ಆದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಲೈಂಗಿಕ ಹಿಂಸೆ ಸೇರಿದೆ, ನಮ್ಮಲ್ಲಿ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಆ ಕಾಯ್ದೆಯ ಸಂರಕ್ಷಣಾಧಿಕಾರಿ. ಅಂಗನವಾಡಿ ಟೀಚರುಗಳಿಗೆ ಅದು ದಿನಾ ವರದಿ ಕೊಡುವ ಕಚೇರಿ. ಈ ಕೆಲಸವೂ ಅಲ್ಲೇ ಆಗುತ್ತದೆ ಎಂದು ಹಲವರಿಗೆ ಗೊತ್ತಿರುವುದಿಲ್ಲ.

ಎರಡನೇ ದಿನ ಮಧ್ಯಾಹ್ನ ನಂಬರಿನ ಕಾರ್ಡು ತುಂಬುತ್ತೇವೆ. ಪೊಲೀಸ್ ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ಆಂಬುಲೆನ್ಸ್‌ಗೆ 108, ಕಾನೂನು ನೆರವಿಗೆ 15100. ಇವು ಅಚ್ಚಾಗಿರುತ್ತವೆ. ಖಾಲಿ ಜಾಗದಲ್ಲಿ ಹಿಂಸೆಗೊಳಗಾದ ಮಹಿಳೆಯರಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರ ಆಸ್ಪತ್ರೆಯ ಯಾವ ಮಹಡಿಯಲ್ಲಿದೆ, ರಾತ್ರಿ ಯಾರಿರುತ್ತಾರೆ, ಊರಿಂದ ಅಲ್ಲಿಗೆ ಯಾವ ಬಸ್ಸು ಎಂಬುದನ್ನು ಅವರೇ ಬರೆಯಬೇಕು. ಸ್ಥಳೀಯ ನಂಬರುಗಳಿಗೆ ಎರಡು ದಿನ ಮೊದಲು ನಾವೇ ಫೋನ್ ಮಾಡಿ ನೋಡುತ್ತೇವೆ, ಪಟ್ಟಿಯಲ್ಲಿರುವವರು ವರ್ಗವಾಗಿ ಹೋಗಿರುತ್ತಾರೆ. ಕಾರ್ಡು ಮೊಬೈಲ್ ಕವರಿನೊಳಗೆ ಹಿಡಿಸುವಷ್ಟು ಚಿಕ್ಕದು, ಮೇಲೆ "ತುರ್ತು ಆರೋಗ್ಯ ಸೇವೆ" ಎಂದಷ್ಟೇ. ಹಿಂಸೆ, ದೌರ್ಜನ್ಯ ಎಂದೆಲ್ಲ ಅಚ್ಚುಹಾಕಿದ ಕಾರ್ಡು ಗಂಡನ ಕೈಗೆ ಸಿಕ್ಕರೆ ಅದೇ ಹೊಡೆತಕ್ಕೆ ಕಾರಣ.

ವಾಟ್ಸಾಪ್ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇವೆ. "ನಮ್ಮ ಏರಿಯಾದಲ್ಲಿ ಒಂದು ಕೇಸ್ ಆಗಿದೆ, ಹುಡುಗಿ ಹತ್ತನೇ ಕ್ಲಾಸು" ಎಂದು ಗ್ರೂಪಿನಲ್ಲಿ ಹಾಕಿದರೆ ಹೆಸರು ಬರೆಯದಿದ್ದರೂ ಗುರುತು ಸಿಕ್ಕಂತೆಯೇ. ಗುರುತು ಬಹಿರಂಗಪಡಿಸಿದವರಿಗೆ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಅಡಿ ಎರಡು ವರ್ಷದವರೆಗೆ ಶಿಕ್ಷೆ. ಆಶಾ ಡೈರಿ, ತಾಯಿ ಕಾರ್ಡು ಹತ್ತು ಕೈ ದಾಟುವ ವಸ್ತುಗಳು, ಅವುಗಳಲ್ಲೂ ಬರೆಯಬಾರದು.

ಕಾರ್ಯಕರ್ತೆಯ ಸ್ವಂತ ಸುರಕ್ಷತೆಯ ಪ್ರಶ್ನೆಗೆ ನಮ್ಮಲ್ಲಿ ಪೂರ್ತಿ ಉತ್ತರವಿಲ್ಲ. ತಪ್ಪು ಮಾಡಿದವನು ಪಂಚಾಯಿತಿ ಸದಸ್ಯನಿರಬಹುದು, ಅವಳದೇ ಮೈದುನನಿರಬಹುದು. ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಹೋದ ಸಾಥಿನ್ ಭಂವರಿ ದೇವಿಯ ಮೇಲೆ 1992ರಲ್ಲಿ ನಡೆದ ಸಾಮೂಹಿಕ ಅತ್ಯಾಚಾರವೇ, ಕೆಲಸದ ಜಾಗದಲ್ಲಿನ ಲೈಂಗಿಕ ಕಿರುಕುಳದ ಬಗೆಗಿನ 1997ರ ವಿಶಾಖಾ ತೀರ್ಪಿನ ಹಿನ್ನೆಲೆ. ಆಕೆಯೂ ಇವರಂತೆಯೇ ಊರಿನ ಕಾರ್ಯಕರ್ತೆ. ನಾವು ಹಾಕಿಕೊಟ್ಟ ಕ್ರಮ ಇಷ್ಟು: ಒಬ್ಬಳೇ ಪೊಲೀಸ್ ಠಾಣೆಗೆ ಹೋಗಬಾರದು, ಮನೆಯವರ ಎದುರು ಆರೋಪಿಯನ್ನು ಪ್ರಶ್ನಿಸಬಾರದು, ರಾಜಿ ಪಂಚಾಯಿತಿಗೆ ಕೂರಬಾರದು, ಅವತ್ತೇ ವೈದ್ಯಾಧಿಕಾರಿಗೆ ಖುದ್ದಾಗಿ ತಿಳಿಸಬೇಕು.

ಆರು ವಾರದ ನಂತರ ಅರ್ಧ ದಿನ ಮತ್ತೆ ಸೇರಿ ಅದೇ ಮೂವರ ಅಭ್ಯಾಸ, ಅದೇ ಹಾಳೆ. ಅಷ್ಟರಲ್ಲಿ "ಯಾಕೆ" ವಾಪಸು ಬಂದಿರುತ್ತದೆ, ಮೂರು ವಾಕ್ಯಗಳಲ್ಲಿ ಒಂದು ಮರೆತಿರುತ್ತದೆ. ಆಗ ಹೊಸದಾಗಿ ಕಲಿಸುವುದು ಹಿಂಬಾಲಿಕೆಯ ಭೇಟಿ. ಎಚ್‌ಐವಿ ತಡೆಯ ಮಾತ್ರೆ 28 ದಿನ ತಪ್ಪದೆ ನುಂಗಬೇಕು. ವಾಕರಿಕೆ ಬಂತೆಂದು, ಅತ್ತೆ ಕೇಳುತ್ತಾರೆಂದು ನಡುವೆ ಬಿಡುವವರಿದ್ದಾರೆ. ಮಾತ್ರೆ ಮನೆಯಲ್ಲಿ ಎಲ್ಲಿಡುವುದು, ಯಾವ ಹೊತ್ತಿಗೆ ನುಂಗುವುದು ಎಂಬುದನ್ನು ಆಸ್ಪತ್ರೆಯಿಂದ ಹೊರಡುವ ಮೊದಲೇ ಅವಳೊಂದಿಗೆ ಮಾತಾಡಿಕೊಳ್ಳಬೇಕು. ಭೇಟಿಗೆ ಹೋಗುವಾಗ ಅವಳೊಬ್ಬಳ ಮನೆಗೆ ಹೋಗದೆ ಆ ಸಾಲಿನ ನಾಲ್ಕೈದು ಮನೆಗೂ ಕಬ್ಬಿಣಾಂಶದ ಮಾತ್ರೆ ಕೊಡುವ ನೆಪದಲ್ಲಿ ಹೋಗಬೇಕು, ಅವಳ ಮನೆ ಆ ಸಾಲಿನ ನಡುವೆ ಬರುವಂತೆ ನೋಡಿಕೊಳ್ಳಬೇಕು.