ಅಡೇನಿಯಂ: ನೀರು ಹಾಕುವ ಮೊದಲು ಬುಡ ಒತ್ತಿ ನೋಡಿ

ಅಡೇನಿಯಂ ಅಂದರೆ ಡೆಸರ್ಟ್ ರೋಸ್, ದಪ್ಪ ಬುಡದ ಹೂಗಿಡ. ನಾನು ಕಂಡ ಮಟ್ಟಿಗೆ ಕುಂಡದಲ್ಲಿ ಇದು ಸತ್ತಿದ್ದೆಲ್ಲ ಹೆಚ್ಚಾಗಿ ನೀರು ಜಾಸ್ತಿಯಾಗಿಯೇ. ಸಹಾರಾದ ದಕ್ಷಿಣದ ಒಣನಾಡು, ಪೂರ್ವ ಆಫ್ರಿಕಾ, ಅರೇಬಿಯಾದ ಕಲ್ಲುಗುಡ್ಡಗಳು ಇದರ ತವರು. ಮಳೆ ಬಂದಾಗ ಬುಡದ ಗಡ್ಡೆಯಲ್ಲಿ ನೀರು ತುಂಬಿಕೊಂಡು, ಬೇಸಿಗೆಯೆಲ್ಲ ಅದರಲ್ಲೇ ಕಳೆಯುವ ಗಿಡ. ಹಾಗಾಗಿ ವಾರ ಎಣಿಸಿ ನೀರು ಹಾಕುವುದಿಲ್ಲ, ಗಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಗಟ್ಟಿಯಿದ್ದರೆ ಆ ದಿನ ನೀರಿಲ್ಲ. ತುಸು ಮೆತ್ತಗಾಗಿ, ಮಣ್ಣೂ ಎರಡು ಇಂಚು ಆಳದವರೆಗೆ ಒಣಗಿದ್ದರೆ ತಳದ ತೂತಿನಿಂದ ಸುರಿಯುವಷ್ಟು ಹಾಕುತ್ತೇನೆ. ಮಣ್ಣು ಒದ್ದೆಯಿದ್ದೂ ಗಡ್ಡೆ ಮೆತ್ತಗಿದ್ದರೆ ಅದು ಕೊಳೆ ರೋಗ.

ಮಣ್ಣಿನ ಲೆಕ್ಕ: ದಪ್ಪ ಮರಳು ನಾಲ್ಕು ಪಾಲು, ಕಡಲೆಕಾಳಿನ ಗಾತ್ರದ ಇಟ್ಟಿಗೆ ಚೂರು ಮೂರು ಪಾಲು, ಎರೆಗೊಬ್ಬರ ಎರಡು ಪಾಲು, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಬಳಸುವುದಾದರೆ ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆಯಲೇಬೇಕು. ಅದರ ಹಿಟ್ಟಿನಂಥ ಪುಡಿ ತಳದಲ್ಲಿ ಗಾರೆಯ ಹಾಗೆ ಕೂತು ತೂತು ಮುಚ್ಚುತ್ತದೆ. ಕುಂಡ ಅಗಲವಾಗಿರಲಿ, ಆಳ ಬೇಡ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು, ಇಲ್ಲದಿದ್ದರೆ ಕೊಂಬೆ ಉದ್ದುದ್ದ ಎಳೆದು ಹೂವು ಕಡಿಮೆಯಾಗುತ್ತದೆ.

ಕೊಳೆ ಕಂಡರೆ ತಡ ಮಾಡಬೇಡಿ. ಗಿಡ ಕಿತ್ತು ತೊಳೆದು, ಕಂದು ಭಾಗವನ್ನು ಕೊರೆಯುತ್ತಾ ಹೋಗಿ. ಸೌತೆಕಾಯಿ ತಿರುಳಿನಂಥ ಬಿಳಿ ಸಿಗಬೇಕು. ಸಾಸಿವೆಯಷ್ಟು ಕಂದು ಚುಕ್ಕೆ ಉಳಿದರೂ ಕೊಳೆ ಮತ್ತೆ ಹರಡುತ್ತದೆ. ಪ್ರತಿ ಕೊಯ್ತಕ್ಕೂ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಗಾಯಕ್ಕೆ ಶಿಲೀಂಧ್ರನಾಶಕ ಪುಡಿ ಹಚ್ಚಿ, ನೆರಳಲ್ಲಿ ಹತ್ತು ದಿನ ತಲೆಕೆಳಗಾಗಿ ತೂಗುಹಾಕುತ್ತೇನೆ. ಆಮೇಲೆ ಒಣ ಮಣ್ಣಲ್ಲಿ ನೆಟ್ಟು, ಇನ್ನೊಂದು ವಾರ ಬಿಟ್ಟು ಮೊದಲ ನೀರು. ಈ ಕಾಯುವಿಕೆಯೇ ಎಲ್ಲಕ್ಕಿಂತ ಕಷ್ಟ, ಆದರೆ ಹಸಿ ಗಾಯಕ್ಕೆ ನೀರು ತಗುಲಿದರೆ ಪಟ್ಟ ಶ್ರಮವೆಲ್ಲ ದಂಡ.

ದಪ್ಪ ಬುಡ ಬೇಕೆಂದರೆ ಬೀಜದಿಂದಲೇ ಬೆಳೆಸಿ, ಕಡ್ಡಿ ನೆಟ್ಟ ಗಿಡಕ್ಕೆ ಅಂಥ ಹೊಟ್ಟೆ ಬರುವುದು ಅಪರೂಪ. ಹೊಸ ಬೀಜವನ್ನು ಅಡ್ಡಲಾಗಿ ಮಲಗಿಸಿ ತೆಳ್ಳಗೆ ಮುಚ್ಚಿದರೆ ವಾರದೊಳಗೆ ಮೊಳೆಯುತ್ತದೆ.

ಕೊಂಬೆ ಸವರುವುದು ಫೆಬ್ರವರಿ ಕೊನೆಗೆ. ಹೂವು ಹೊಸ ಚಿಗುರಿನ ತುದಿಯಲ್ಲೇ ಬರುವುದರಿಂದ ಕೈ ಹಿಂದೆಗೆಯಬೇಡಿ. ಇದು ಕಣಗಿಲೆಯ ಕುಟುಂಬದ ಗಿಡ, ಕೊಯ್ದಲ್ಲಿ ಒಸರುವ ಹಾಲು ವಿಷ. ಆಫ್ರಿಕಾದಲ್ಲಿ ಬಾಣದ ತುದಿಗೆ ಹಚ್ಚುತ್ತಿದ್ದರು. ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ. ಕಣಗಿಲೆ ತಿನ್ನುವ ದಪ್ಪ ಹಸಿರು ಹುಳು ಇದಕ್ಕೂ ಬರುತ್ತದೆ, ಒಂದೇ ರಾತ್ರಿಯಲ್ಲಿ ಕೊಂಬೆ ಬೋಳಾಗುತ್ತದೆ. ಕುಂಡದ ಸುತ್ತ ಕಪ್ಪು ಹಿಕ್ಕೆ ಬಿದ್ದಿದ್ದರೆ ಎಲೆಯಡಿ ಹುಡುಕಿ ಕೈಯಲ್ಲೇ ತೆಗೆಯುತ್ತೇನೆ.