ಶೇಡಿ ಮಣ್ಣಿನ ಮೇಲೆ ರಸ್ತೆ ನಿಲ್ಲಿಸಿದ್ದು

ಕುಮಟಾ, ಅಂಕೋಲಾ ಕಡೆ ಗುಡ್ಡ ಕಡಿದು ಮನೆಗೆ ರಸ್ತೆ ಮಾಡುವಾಗ ಚಿರೇಕಲ್ಲಿನ (ಜಂಬಿಟ್ಟಿಗೆಯ) ಪದರ ದಾಟಿದರೆ ಶೇಡಿ ಮಣ್ಣು ಸಿಗುತ್ತದೆ. ಬಿಳಿ, ತಿಳಿ ಗುಲಾಬಿ, ಹಳದಿ ಬಣ್ಣ. ಏಪ್ರಿಲ್‌ನಲ್ಲಿ ಪಿಕಾಸಿಗೂ ಬಗ್ಗದ್ದು ಜುಲೈನಲ್ಲಿ ದೋಸೆ ಹಿಟ್ಟು. ಒಣ ಹೆಂಟೆಯೊಂದನ್ನು ನೀರಿನ ಲೋಟಕ್ಕೆ ಹಾಕಿ ನೋಡಿ: ಕೆಲವೇ ನಿಮಿಷದಲ್ಲಿ ಕುಸಿದು ತಳ ಸೇರಿದರೆ ಅದರ ಮೇಲೆ ನೇರವಾಗಿ ಕಲ್ಲು ಹಾಸುವುದು ದುಡ್ಡು ಹೂಳಿದಂತೆ. ಗಾಡಿ ಹೋದಂತೆ ಕಲ್ಲು ಕೆಳಗಿಳಿಯುತ್ತದೆ, ರಾಡಿ ಮೇಲೇರುತ್ತದೆ.

ಲಡಾಖ್‌ನಂಥ ಹಿಮದ ಊರುಗಳಲ್ಲಿ ರಸ್ತೆ ಉಬ್ಬುವುದೂ ಹೆಚ್ಚಾಗಿ ಇಂಥ ನುಣುಪು ಮಣ್ಣಿನಲ್ಲೇ. ನೀರು ಹೆಪ್ಪುಗಟ್ಟಿದಾಗ ಶೇ. 9ರಷ್ಟು ಹಿಗ್ಗುತ್ತದೆ ಎನ್ನುವುದು ಅರ್ಧ ಕಾರಣವೂ ಅಲ್ಲ. ಹೆಪ್ಪುಗಟ್ಟುವ ಪದರ ಕೆಳಗಿನ ನೀರನ್ನು ದೀಪದ ಬತ್ತಿಯಂತೆ ಮೇಲಕ್ಕೆಳೆದು ಮಂಜುಗಡ್ಡೆಯ ಪದರಗಳನ್ನು ಬೆಳೆಸುತ್ತದೆ. ಚಳಿ ಇಳಿದಾಗ ಮೇಲಿನದು ಮೊದಲು ಕರಗುತ್ತದೆ, ಕೆಳಗಿನದು ಇನ್ನೂ ಗಟ್ಟಿ, ನೀರಿಗೆ ದಾರಿಯಿಲ್ಲ. ಆಗ ಲಾರಿ ಬಂದರೆ ರಸ್ತೆ ಒಡೆಯುತ್ತದೆ. ನಮಗೆ ಆ ಚಳಿಯೊಂದಿಲ್ಲ. ನುಣುಪು ಮಣ್ಣು, ನೀರು ಎರಡೂ ಧಾರಾಳ. ಮದ್ದೂ ಅದೇ: ಕೆಟ್ಟ ಮಣ್ಣು ತೆಗೆ, ನೀರು ತಪ್ಪಿಸು.

ನಾನು ಮಾಡಿದ್ದು 60 ಮೀಟರ್ ಉದ್ದ, 3 ಮೀಟರ್ ಅಗಲದ ರಸ್ತೆ. ಧರೆಯ, ಅಂದರೆ ಗುಡ್ಡ ಕಡಿದ ಬದಿಯ, ಬುಡದಲ್ಲಿ ಒರತೆ ಒಡೆಯುವ ಜಾಗಗಳಿಗೆ ಹಿಂದಿನ ಆಗಸ್ಟ್‌ನಲ್ಲೇ ಗೂಟ ಹೊಡೆದಿಟ್ಟಿದ್ದೆ. ಬೇಸಿಗೆಯಲ್ಲಿ ಹುಡುಕಿದರೆ ಒಂದೂ ಕಾಣುವುದಿಲ್ಲ. ಮೊದಲ ಕೆಲಸ ಧರೆಯ ಬದಿಯ ಒಳಕಾಲುವೆ: 40 ಸೆಂ.ಮೀ. ಅಗಲ, 1 ಮೀಟರ್ ಆಳ, ತುದಿಯಿಂದ ತುದಿಗೆ ಕನಿಷ್ಠ 60 ಸೆಂ.ಮೀ. ಇಳಿಜಾರು. ಒಂದು ಸಲಕ್ಕೆ ಹತ್ತು ಮೀಟರ್ ಮಾತ್ರ ತೋಡಿ, ತುಂಬಿ, ಮುಂದೆ ಹೋದೆವು. ಬುಡವನ್ನು ಉದ್ದಕ್ಕೂ ಬಿಚ್ಚಿಟ್ಟರೆ ಧರೆಯೇ ಮೈಮೇಲೆ ಬಂದೀತು. ಕಾಲುವೆಗೆ ನೀರು ಬಿಟ್ಟು ಮಣ್ಣು ತಡೆಯುವ, ಕಂಬಳಿಯಂಥ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಸ್ವಲ್ಪ 20 ಎಂ.ಎಂ. ಖಡಿ, ಅದರ ಮೇಲೆ 110 ಎಂ.ಎಂ. ತೂತಿನ ಪಿವಿಸಿ ಪೈಪು, ತೂತು ಕೆಳಮುಖ. ಮತ್ತೆ ಖಡಿ ತುಂಬಿ ಬಟ್ಟೆ ಮಡಚಿ, ಮೇಲೆ 15 ಸೆಂ.ಮೀ. ಜೇಡಿ ಮಣ್ಣು ಬಡಿದದ್ದು ಮಳೆನೀರು ಒಳಗಿಳಿಯದಿರಲಿ ಎಂದು. ಮಳೆನೀರಿಗೆ ಬೇರೆಯೇ ಚಿರೇಕಲ್ಲಿನ ಗಟಾರ ಬೇಕು.

ರಸ್ತೆಯಡಿ 45 ಸೆಂ.ಮೀ. ಶೇಡಿ ತೆಗೆದು, ತಳವನ್ನು ಕಾಲುವೆಯ ಕಡೆ ವಾಲಿಸಿ, ಅದೇ ಬಟ್ಟೆ ಹಾಸಿದೆ. ಜೋಡಣೆಯಲ್ಲಿ 30 ಸೆಂ.ಮೀ. ಒಂದರ ಮೇಲೊಂದು. ಬಟ್ಟೆಯ ಬದಲು ತಾಡಪಾಲು ಹಾಕುವವರಿದ್ದಾರೆ; ಅದು ನೀರನ್ನು ಒಳಗೇ ಕಟ್ಟಿಹಾಕುತ್ತದೆ. ಮೇಲೆ ಕೆಂಪು ಗ್ರಾವೆಲ್ 30 ಸೆಂ.ಮೀ., ಎರಡು ಪದರದಲ್ಲಿ ರೋಲರ್ ಹೊಡೆದು, ಕೊನೆಗೆ ವೆಟ್ ಮಿಕ್ಸ್ (ನೀರು ಬೆರೆಸಿದ ಖಡಿ, ಕಲ್ಲುಪುಡಿ) 15 ಸೆಂ.ಮೀ. ಗ್ರಾವೆಲ್ ಲೋಡು ಇಳಿಸುವಾಗ ನಾನೇ ನಿಂತಿದ್ದೆ, ಶೇಡಿ ಬೆರೆತದ್ದು ಬಂದರೆ ವಾಪಸು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ಕೈಗೆ ನೀರು ಹತ್ತಬಾರದು. ರೋಲರ್‌ಗೆ ಅದೇ ಹದ.

ಪಕ್ಕದ ಕಲ್ಲಿನ ಗೋಡೆಗೆ, ಹಿಂದಿನ ನೀರು ಹೊರಬೀಳಲೆಂದು, ಒಂದೂವರೆ ಮೀಟರಿಗೊಂದು 75 ಎಂ.ಎಂ. ಪೈಪು, ಹಿಂದೆ ಖಡಿ ಬಿಟ್ಟೆ. ಗೋಡೆಯ ಹಿಂದೆ 2 ಮೀಟರ್ ನೀರು ನಿಂತರೆ ಬುಡದಲ್ಲಿ ಚದರ ಮೀಟರಿಗೆ ಸುಮಾರು 2 ಟನ್ ಒತ್ತಡ.

ಜೂನಿನ ಮೊದಲ ದೊಡ್ಡ ಮಳೆಗೆ ಕಾಲುವೆ ಪೈಪಿನ ಬಾಯಲ್ಲಿ ಎರಡು ದಿನ ಹಾಲಿನಂಥ ನೀರು ಬಂತು, ಆಮೇಲೆ ತಿಳಿಯಾಯಿತು. ತಿಳಿಯಾಗದೇ ಬರುತ್ತಲೇ ಇದ್ದರೆ ಬಟ್ಟೆ ಎಲ್ಲೋ ಹರಿದಿದೆ, ಮಣ್ಣು ಒಳಗಿಂದ ಹೋಗುತ್ತಿದೆ ಎಂದರ್ಥ. ಆ ಭಾಗದ ಮೇಲೆ ಗಾಡಿ ಬಿಡಬಾರದು, ಮಳೆ ಬಿಟ್ಟ ಮೇಲೆ ಬಿಚ್ಚಿ ನೋಡಬೇಕು.