ಮಲೆನಾಡಿನ ಥಂಡಿಯಲ್ಲಿ ಚೀಸ್ ಮಾಗಿಸುವ ಕೆಲಸ

ಹೊಸನಗರ ತಾಲ್ಲೂಕಿನಲ್ಲಿ ನಮ್ಮದು ಅಡಿಕೆ ತೋಟ, ಒಂದಿಷ್ಟು ಗದ್ದೆ, ಒಂದು ಕೊಟ್ಟಿಗೆ. ಕೊಟ್ಟಿಗೆಯಲ್ಲಿ ಎರಡು ಜೆರ್ಸಿ ಮಿಶ್ರತಳಿ, ಉಳಿದವೆಲ್ಲ ಮಲೆನಾಡು ಗಿಡ್ಡ. ಗಿಡ್ಡ ಹಸು ಬೆಟ್ಟಕ್ಕೆ ಹೋಗಿ ಮೇಯ್ದು ಬಂದು ದಿನಕ್ಕೆ ಒಂದೆರಡು ಲೀಟರ್ ಹಾಲು ಕೊಡುತ್ತದೆ. ಕಡಿಮೆ ಹಾಲು, ಆದರೆ ಕೆನೆ ದಪ್ಪ. ಲೀಟರ್ ಲೆಕ್ಕದಲ್ಲಿ ಮಾರಿದರೆ ಹಿಂಡಿಯ ದುಡ್ಡೂ ಹುಟ್ಟುವುದಿಲ್ಲ. ಹಾಗಾಗಿಯೇ ಚೀಸ್ ಶುರು ಮಾಡಿದೆವು.

ನೋಡಲು ಬಂದವರೆಲ್ಲ ಹಾಲು ಗಟ್ಟಿ ಮಾಡುವುದು ಹೇಗೆ ಅಂತಲೇ ಕೇಳುತ್ತಾರೆ. ಅದು ಒಂದು ದಿನದ ಕೆಲಸ, ಯಾರು ಬೇಕಾದರೂ ಕಲಿಯಬಹುದು. ಮಾಡಿದ ಚೀಸನ್ನು ಮಲೆನಾಡಿನ ಈ ಥಂಡಿ ತೇವದಲ್ಲಿ ಎರಡು ಮೂರು ತಿಂಗಳು ಕಾಯುವುದಿದೆಯಲ್ಲ, ಕಷ್ಟ ಇರುವುದು ಅಲ್ಲಿ.

ಮೊದಲು ಮಾಡುವ ಬಗೆ ಹೇಳಿಬಿಡುತ್ತೇನೆ. ನಾವು ಮಾಡುವುದು ಹಾಲೆಂಡಿನ ಗೌಡಾ ಥರದ ಗಟ್ಟಿ ಚೀಸ್. ಹತ್ತು ಲೀಟರ್ ಹಾಲಿಗೆ ಹೆಚ್ಚು ಕಡಿಮೆ ಒಂದು ಕಿಲೋ ಸಿಗುತ್ತದೆ. ಹಾಲನ್ನು 63 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, 32 ಡಿಗ್ರಿಗೆ ಆರಿಸಿ ಕಲ್ಚರ್, ಅಂದರೆ ಹಾಲಿಗೆ ಹುಳಿ ಬರಿಸುವ ಬ್ಯಾಕ್ಟೀರಿಯಾ, ಹಾಕುತ್ತೇವೆ. ಕಾಯಿಸಿದ ಹಾಲು ಸರಿಯಾಗಿ ಗಟ್ಟಿಯಾಗಲಿ ಅಂತ ಚೂರು ಕ್ಯಾಲ್ಸಿಯಂ ಕ್ಲೋರೈಡ್. ಆಮೇಲೆ ರೆನೆಟ್, ಅಂದರೆ ಹಾಲನ್ನು ಹೆಪ್ಪುಗಟ್ಟಿಸುವ ಕಿಣ್ವ. ನಾವು ಬಳಸುವುದು ಶಿಲೀಂಧ್ರದಿಂದ ತಯಾರಾದ ರೆನೆಟ್. ಕರುವಿನ ಹೊಟ್ಟೆಯಿಂದ ತೆಗೆದದ್ದು ನಮ್ಮನೆಯೊಳಗೆ ಬರುವ ಹಾಗಿಲ್ಲ, ಕೊಳ್ಳುವವರೂ ಅದನ್ನೇ ಮೊದಲು ವಿಚಾರಿಸುತ್ತಾರೆ. ಕ್ಲೋರಿನ್ ಇರುವ ನೀರಿನಲ್ಲಿ ರೆನೆಟ್ ಕರಗಿಸಿದರೆ ಅದರ ಶಕ್ತಿ ಹೋಗುತ್ತದೆ. ನಮಗೆ ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಇರುವುದರಿಂದ ಆ ಚಿಂತೆ ಇಲ್ಲ, ಕುದಿಸಿ ಆರಿಸಿಕೊಂಡರೆ ಸಾಕು.

ರೆನೆಟ್ ಹಾಕಿದ ಮೇಲೆ ಪಾತ್ರೆ ಮುಟ್ಟುವ ಹಾಗಿಲ್ಲ. ಈ ವಿಷಯದಲ್ಲಿ ನನಗಿಂತ ಅತ್ತೆ ಕಟ್ಟುನಿಟ್ಟು. "ಅಲುಗಿಸಬೇಡ ಮಾರಾಯ್ತಿ, ಹೆಪ್ಪು ಕೂರಲಿ" ಅಂತ ಅಡುಗೆಮನೆಯಿಂದಲೇ ಕೂಗುತ್ತಾರೆ. ಮುಕ್ಕಾಲು ಗಂಟೆ ಬಿಟ್ಟು ಚಾಕುವನ್ನು ಓರೆಯಾಗಿ ಇಳಿಸಿ ಮೆಲ್ಲಗೆ ಎತ್ತಿ ನೋಡುತ್ತೇನೆ. ಬಿರುಕು ನೇರವಾಗಿ ಬಿಟ್ಟು, ಅದರಲ್ಲಿ ತಿಳಿಹಸಿರು ಒಡಕಿನ ನೀರು ನಿಂತರೆ ಹದ ಬಂತು. ನೀರು ಹಾಲುಹಾಲಾಗಿದ್ದರೆ ಇನ್ನೂ ಹತ್ತು ನಿಮಿಷ.

ಅದನ್ನು ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸಿ, ಮೂರನೇ ಒಂದು ಪಾಲು ಒಡಕಿನ ನೀರು ತೆಗೆದು, ಅಷ್ಟೇ ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ 38 ಡಿಗ್ರಿಗೆ ತರುತ್ತೇವೆ. ಹೀಗೆ ತೊಳೆದರೆ ಹಾಲಿನ ಸಕ್ಕರೆ ಕಡಿಮೆಯಾಗಿ ಚೀಸ್ ಹುಳಿಯಾಗುವುದಿಲ್ಲ. ಒತ್ತುವುದಕ್ಕೆ ನಮ್ಮನೆಯವರು ಮರದ ಸನ್ನೆಯೊಂದನ್ನು ಮಾಡಿದ್ದಾರೆ. ಅದರ ತುದಿಗೆ ಕೊಡಪಾನ ತೂಗುಹಾಕಿ, ಹೊತ್ತು ಹೋದಂತೆ ನೀರು ತುಂಬಿಸುತ್ತಾ ಭಾರ ಏರಿಸುತ್ತೇವೆ. ಮರುದಿನ ಉಪ್ಪುನೀರಿಗೆ. ಲೀಟರ್ ನೀರಿಗೆ 200 ಗ್ರಾಂ ಕಲ್ಲುಪ್ಪು, ಜೊತೆಗೆ ಚೂರು ಹುಳಿ ಬಂದ ಒಡಕಿನ ನೀರು, ಕ್ಯಾಲ್ಸಿಯಂ ಕ್ಲೋರೈಡ್. ಬರೀ ಉಪ್ಪುನೀರಾದರೆ ಚೀಸಿನ ಮೈ ಲೋಳೆಯಾಗುತ್ತದೆ.

ಕೆಚ್ಚಲು ಬಾವಿಗೆ ಆಂಟಿಬಯಾಟಿಕ್ ಕೊಟ್ಟ ಹಸುವಿನ ಹಾಲನ್ನು, ಡಾಕ್ಟರು ಹೇಳಿದ ದಿನ ಮುಗಿಯುವವರೆಗೆ ಬೇರೆಯೇ ಇಡಿ. ಔಷಧಿ ಸೇರಿದ ಹಾಲಿನಲ್ಲಿ ಕಲ್ಚರ್ ಏಳುವುದೇ ಇಲ್ಲ. ಅದೊಂದು ಹಸುವಿನ ಹಾಲಿಗೆ ಇಡೀ ಪಾತ್ರೆಯೇ ಹಾಳು.

ಈಗ ಮಾಗಿಸುವುದು. ಚೀಸಿಗೆ ಬೇಕಾಗಿರುವುದು 10ರಿಂದ 13 ಡಿಗ್ರಿ ತಂಪು, ಶೇಕಡಾ 80-85ರಷ್ಟು ತೇವ. ತೇವ ನಮ್ಮಲ್ಲಿ ಬೇಕಾದಷ್ಟಿದೆ, ತಂಪು ಮಾತ್ರ ಸಾಲದು. ಹಳೆಯ ಉಗ್ರಾಣದ ಜಂಬಿಟ್ಟಿಗೆ ಗೋಡೆ ದಪ್ಪ, ಒಳಗೆ ಬಿಸಿಲು ತಾಗುವುದಿಲ್ಲ. ಅಲ್ಲೇ ದೊಡ್ಡ ಫ್ರಿಜ್ ಇಟ್ಟು, ಹೊರಗಿನಿಂದ ತಂಪನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಜೋಡಿಸಿ 12 ಡಿಗ್ರಿಗೆ ನಿಲ್ಲಿಸಿದ್ದೇವೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಹಾಗಾಗಿ ಇನ್ನೊಂದು ಫ್ರೀಜರಿನಲ್ಲಿ ನೀರಿನ ಬಾಟಲಿಗಳು ಸದಾ ಗಡ್ಡೆಕಟ್ಟಿಯೇ ಇರುತ್ತವೆ.

ಆರಿದ್ರಾ ಮಳೆ ಹಿಡಿದರೆ ಆಶ್ಲೇಷ ಮುಗಿಯುವವರೆಗೆ ಬೂಸ್ಟು. ಚಪ್ಪಲಿ, ಬೆಲ್ಟು, ದೇವರ ಫೋಟೋ ಯಾವುದನ್ನೂ ಬಿಡುವುದಿಲ್ಲ, ಇನ್ನು ಚೀಸನ್ನು ಬಿಡುತ್ತದೆಯಾ? ಬಿಳಿ, ಹಸಿರು ಬೂಸ್ಟಿಗೆ ನಾನು ಹೆದರುವುದಿಲ್ಲ. ಗಟ್ಟಿ ಚೀಸಿನಲ್ಲಿ ಅದು ಹೊರಮೈಗೇ ನಿಲ್ಲುತ್ತದೆ. ಬಟ್ಟೆಯನ್ನು ಉಪ್ಪುನೀರಿನಲ್ಲಿ ಅದ್ದಿ ಹಿಂಡಿ, ಚೀಸಿನ ಒಂದೊಂದೇ ಚಕ್ರ ಎತ್ತಿ ಒರೆಸಿ, ಮಗುಚಿಡುತ್ತೇನೆ. ಮಗುಚದೇ ಬಿಟ್ಟರೆ ಅಡಿಭಾಗ ಬೆವರಿ ಅಂಟಂಟಾಗುತ್ತದೆ. ಆಗ ಮೂಗೇ ಮೊದಲು ಹೇಳುತ್ತದೆ, ಹಸಿ ಗೋಣಿಚೀಲದ ವಾಸನೆ. ಬಿರುಕಿನೊಳಗೆ ಬಣ್ಣ ಇಳಿದಿದ್ದರೆ ಆ ಚಕ್ರವನ್ನು ಮಾರುವುದಿಲ್ಲ. ಚೀಸ್ ಇಡುವ ಹಲಗೆಗಳನ್ನು ಮಳೆಗಾಲದಲ್ಲಿ ಬಿಸಿಲಿಗಿಡುವ ಮಾತೇ ಇಲ್ಲ, ಬಚ್ಚಲ ಒಲೆಯ ಹತ್ತಿರ ನಿಲ್ಲಿಸಿ ಒಣಗಿಸುತ್ತೇವೆ.

ಮಾರ್ಚ್ ಬಂತೆಂದರೆ ತಿರುಗುಮುರುಗು. ಫ್ರಿಜ್ ಬಿಡುವಿಲ್ಲದೆ ಓಡಿ ಒಳಗಿನ ಗಾಳಿ ಒಣಗುತ್ತದೆ, ಚೀಸಿನ ಸಿಪ್ಪೆ ಸೀಳುತ್ತದೆ. ಆಗ ಒದ್ದೆ ಟವೆಲ್ ಇಡುತ್ತೇವೆ, ಮೈಗೆ ಎಣ್ಣೆ ಸವರುತ್ತೇವೆ.

ನಮ್ಮಲ್ಲಿ ಜಾಸ್ತಿ ಹೋಗುವುದು ಕಾಳುಮೆಣಸಿನದು. ಮೆಣಸು ನಮ್ಮ ತೋಟದ್ದೇ, ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯದು. ಅಂಗಳದಲ್ಲಿ ಒಣಗಿದ ಮೆಣಸನ್ನು ಹಾಗೇ ಹಾಕಬಾರದು, ಅದರ ಮೈತುಂಬ ಸೂಕ್ಷ್ಮಜೀವಿಗಳಿರುತ್ತವೆ. ಜಜ್ಜಿ, ಕಾಲು ಗಂಟೆ ಕುದಿಸಿ, ಆ ನೀರಿನ ಸಮೇತ ಸೇರಿಸುತ್ತೇನೆ. ಘಮವೂ ಉಳಿಯುತ್ತದೆ, ಚೀಸೂ ಕೆಡುವುದಿಲ್ಲ.

ಹತ್ತು ಲೀಟರಿಗೆ ಒಂದು ಕಿಲೋ ಚೀಸ್ ಅಂದರೆ ಉಳಿದದ್ದೆಲ್ಲ ಒಡಕಿನ ನೀರು. ಚಪಾತಿ ಹಿಟ್ಟಿಗೆ ಸ್ವಲ್ಪ, ತಂಬುಳಿಗೆ ಸ್ವಲ್ಪ, ಮಿಕ್ಕಿದ್ದು ಅಕ್ಕಚ್ಚಿನ ಜೊತೆ ದನಕ್ಕೆ. ತೋಟದ ಹೊಂಡಕ್ಕೆ ಬಿಡಬೇಡಿ, ನೀರು ನಾರುತ್ತದೆ.

ಹೊಸದಾಗಿ ಮಾಡುವವರು ಮಳೆ ಪೂರ್ತಿ ಹಿಂದೆಗೆದ ಮೇಲೆ ಶುರು ಮಾಡಿ. ರಾತ್ರಿಯ ಚಳಿ ಫ್ರಿಜ್ಜಿಗೆ ನೆರವಾಗುತ್ತದೆ, ಬೂಸ್ಟಿನ ಕಾಟವೂ ಕಡಿಮೆ. ಆದರೆ ಅದು ಕೊನೆಕೊಯ್ಲಿನ ಹೊತ್ತು, ಮನೆಮಂದಿಯೆಲ್ಲ ಅಡಿಕೆ ಸುಲಿಯುತ್ತಿರುತ್ತಾರೆ. ಒರೆಸಿ ಮಗುಚುವ ಕೆಲಸಕ್ಕೆ ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ನಮ್ಮನೆಯಲ್ಲಿ ಆ ತಿಂಗಳುಗಳಲ್ಲಿ ಅದು ಅತ್ತೆಯ ಪಾಲಿಗೆ.